ಸತ್ಯಾಂಶ: ಇಳಿಜಾರು ಅಂಗಳಕ್ಕೆ ಸಿಮೆಂಟ್ ಹಾಕಿದರೆ ಮಣ್ಣು ನಿಲ್ಲುತ್ತಾ?

ಮಳೆಗಾಲ ಹತ್ತಿರ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ವಾಟ್ಸಾಪ್‌ಗಳಲ್ಲಿ ಈ ಮಾತು ಓಡಾಡುತ್ತದೆ: "ಇಳಿಜಾರು ಅಂಗಳಕ್ಕೆ ಪೂರ್ತಿ ಸಿಮೆಂಟ್ ಹಾಕಿಸಿ, ಮಣ್ಣು ಕೊಚ್ಚಿ ಹೋಗಲ್ಲ."

ಇದು ಅರ್ಧ ಸತ್ಯ. ಸಿಮೆಂಟಿನ ಅಡಿಯ ಮಣ್ಣೇನೋ ಸ್ವಲ್ಪ ದಿನ ಉಳಿಯುತ್ತದೆ. ಆದರೆ ಇಂಗಬೇಕಿದ್ದ ನೀರು ಎಲ್ಲಿಗೆ ಹೋಗಬೇಕು? 100 ಚದರ ಮೀಟರ್ ಅಂಗಳದಲ್ಲಿ 100 ಮಿ.ಮೀ. ಮಳೆ ಸುರಿದರೆ 10,000 ಲೀಟರ್ ನೀರು. ಅಷ್ಟೂ ಜೋರಾಗಿ ಹರಿದು, ಸಿಮೆಂಟ್ ಮುಗಿಯುವ ಅಂಚನ್ನು ಕೊರೆಯುತ್ತದೆ. ಮಳೆ ನಿಂತ ಮೇಲೆ ಅಲ್ಲಿ ಬಗ್ಗಿ ನೋಡಿ. ಅಡಿಯಲ್ಲಿ ಕೈ ತೂರುವಷ್ಟು ಪೊಳ್ಳು, ಪಕ್ಕದಲ್ಲೇ ಬೇರು ತೆರೆದುಕೊಂಡ ಕಾಫಿ ಗಿಡ. ನೋಡಿದರೆ ಸಂಕಟ ಆಗುತ್ತದೆ.

ಮೊದಲು ಮೇಲಿನಿಂದ ಬರುವ ನೀರನ್ನು ತಿರುಗಿಸಿ. ಮನೆಯ ಮೇಲ್ಬದಿಯಲ್ಲಿ ಅಡ್ಡಲಾಗಿ ಚರಂಡಿ ತೆಗೆದು, ಕಲ್ಲು ಹಾಸಿದ ಜಾಗಕ್ಕೆ ಬಿಡಿ. ಪಕ್ಕದ ಮನೆಯವರ ಅಂಗಳಕ್ಕೆ ಮಾತ್ರ ಬೇಡ.

ಇಳಿಜಾರಿಗೆ ಅಡ್ಡ ಸಾಲಿನಲ್ಲಿ ಲಾವಂಚ ನೆಡಿ. ಬುಡದಿಂದ ಬುಡಕ್ಕೆ 10–15 ಸೆಂ.ಮೀ. ಸಾಕು. ಅದರ ಬೇರು 2–3 ಮೀಟರ್ ಆಳಕ್ಕೂ ಇಳಿಯುತ್ತದೆ.

ತಡೆಗೋಡೆ ಕಟ್ಟಿಸುವುದಾದರೆ ಹಿಂದೆ ಜಲ್ಲಿ, ಗೋಡೆಯಲ್ಲಿ ನೀರು ಸೋರಲು ತೂತು ಬೇಕೇ ಬೇಕು. ಇಲ್ಲದಿದ್ದರೆ ಕಟ್ಟಿಕೊಂಡ ನೀರೇ ಗೋಡೆಯನ್ನು ತಳ್ಳಿ ಕೆಡವುತ್ತದೆ.

ಗುಡ್ಡದಲ್ಲಿ ಬಿರುಕು ಕಂಡರೆ ಮಾತ್ರ ಸುಮ್ನೆ ಕಾಯಬೇಡಿ. ಮೊದಲು ಮನೆಯಿಂದ ದೂರ ಹೋಗಿ, ಆಮೇಲೆ ಎಂಜಿನಿಯರನ್ನು ಕರೆಸಿ.