ಬಸುರಿಯ ರಕ್ತ ಪರೀಕ್ಷೆಗೆ ಗಂಡನನ್ನೂ ಕರೆಯಿರಿ

ಇಂಗ್ಲೆಂಡಿನಲ್ಲಿ ಬಸುರಿ ಹೆಂಗಸು ಮೊದಲ ಸಲ ತಪಾಸಣೆಗೆ ಹೋದಾಗ ಮಿಡ್‌ವೈಫ್ ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ನಿಮ್ಮ ಹಿರಿಯರು ಯಾವ ಕಡೆಯವರು, ಮಗುವಿನ ತಂದೆಯ ಹಿರಿಯರು ಯಾವ ಕಡೆಯವರು ಅಂತ ಕೇಳುತ್ತಾರೆ. ಲಂಡನ್ನಿನಲ್ಲಿ ನನ್ನ ಹೆಂಡತಿಗೂ ಕೇಳಿದರು. ಥಲಸ್ಸೇಮಿಯಾ (ಮೈಯಲ್ಲಿ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ್ದು), ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗುವುದು) ಎಂಬ ಎರಡು ರಕ್ತದ ಕಾಯಿಲೆಗಳು ಮನೆತನದಲ್ಲಿ ಇಳಿದು ಬರುತ್ತವೆ. ಅದಕ್ಕೇ ಈ ಪ್ರಶ್ನೆ. ಹತ್ತು ವಾರ ತುಂಬುವುದರೊಳಗೆ ರಕ್ತ ಪರೀಕ್ಷೆ ಮುಗಿಯಬೇಕು ಅನ್ನುವುದು ಇಲ್ಲಿನ ಗುರಿ. ತಾಯಿ ವಾಹಕಿ, ಅಂದರೆ ತನಗೆ ಕಾಯಿಲೆ ಇಲ್ಲದಿದ್ದರೂ ಅದನ್ನು ಮಗುವಿಗೆ ದಾಟಿಸಬಲ್ಲವಳು, ಅಂತ ಗೊತ್ತಾದರೆ ತಂದೆಯನ್ನೂ ಪರೀಕ್ಷೆಗೆ ಕರೆಯುತ್ತಾರೆ.

ನಮ್ಮೂರ ಕಡೆ ಏನಾಗುತ್ತದೆ? ಬಸುರಿಗೆ ರಕ್ತ ಕಡಿಮೆ ಇದೆ ಅಂದ ಕೂಡಲೇ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಕೊಡುವುದು ಸರಿಯೇ. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ರಕ್ತಹೀನತೆ ಇದೆ. 180 ದಿನ ಮಾತ್ರೆ ಕೊಡುವ ಸರ್ಕಾರದ ಯೋಜನೆಯಿಂದ ಬಹಳ ತಾಯಂದಿರಿಗೆ ಒಳ್ಳೆಯದಾಗಿದೆ. ಆದರೆ ಥಲಸ್ಸೇಮಿಯಾ ವಾಹಕಿಯ ರಕ್ತವೂ ನೋಡಲು ಹಾಗೇ ಇರುತ್ತದೆ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಕೆಂಪು ಕಣಗಳು ಸಣ್ಣವು. ಕಬ್ಬಿಣದ ಕೊರತೆಯಿಂದ ಹೀಗಾಗಿದೆಯೋ ಹುಟ್ಟಿನಿಂದಲೇ ಹೀಗೋ ಅಂತ ಯಾರೂ ನೋಡದೆ ಹೆರಿಗೆಯೇ ಆಗಿಬಿಡುತ್ತದೆ.

ಸುಳಿವು ಮಾತ್ರ ಎಲ್ಲರ ಕೈಯಲ್ಲೂ ಇರುತ್ತದೆ. ತಾಲ್ಲೂಕು ಮಟ್ಟದ ಲ್ಯಾಬಿನ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲೂ ಎಂಸಿಎಚ್ ಎಂಬ ಸಾಲು ಇರುತ್ತದೆ. ಒಂದು ಕೆಂಪು ಕಣದಲ್ಲಿ ಎಷ್ಟು ಹಿಮೋಗ್ಲೋಬಿನ್ ಇದೆ ಅಂತ ಅದು ಹೇಳುತ್ತದೆ. ಅದು 27 ಪಿಕೋಗ್ರಾಂಗಿಂತ (pg) ಕಡಿಮೆ ಇದ್ದರೆ ಇಂಗ್ಲೆಂಡಿನಲ್ಲಿ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಎಚ್‌ಪಿಎಲ್‌ಸಿ ಅಂತ ಆ ಪರೀಕ್ಷೆಯ ಹೆಸರು, ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಮಾಡಿ ಅಳೆಯುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಅದೇನೂ ಅಪರೂಪವಲ್ಲ. ನಾಲ್ಕಾರು ಸ್ಕ್ಯಾನಿಂಗ್ ಮಾಡಿಸುವ ಮನೆಯವರು ಈ ಒಂದನ್ನು ಯಾಕೆ ಬಿಡಬೇಕು?

ವಾಹಕರಿಗೆ ಕಾಯಿಲೆ ಇರುವುದಿಲ್ಲ. ಆರಾಮಾಗಿ ಬದುಕುತ್ತಾರೆ. ತೊಂದರೆ ಬರುವುದು ಗಂಡ ಹೆಂಡತಿ ಇಬ್ಬರೂ ವಾಹಕರಾದಾಗ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಥಲಸ್ಸೇಮಿಯಾದ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಇರುವ ಮಗು ಹುಟ್ಟುವಾಗ ಚೆನ್ನಾಗಿಯೇ ಕಾಣುತ್ತದೆ. ಆರು ತಿಂಗಳು ಕಳೆದ ಮೇಲೆ ಬಿಳಿಚಿಕೊಳ್ಳಲು ಶುರುವಾಗುತ್ತದೆ. ಆಮೇಲೆ ಎರಡು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಆ ರಕ್ತದ ಜೊತೆ ಮೈಯಲ್ಲಿ ತುಂಬಿಕೊಳ್ಳುವ ಕಬ್ಬಿಣವನ್ನು ಹೊರಹಾಕಲು ಬೇರೆ ಔಷಧಿ. ಅಸ್ಥಿಮಜ್ಜೆ ಕಸಿ ಆಗದಿದ್ದರೆ ಇದು ಜೀವನಪೂರ್ತಿ. ದೇಶದಲ್ಲಿ ವರ್ಷಕ್ಕೆ ಇಂಥ ಹತ್ತು ಸಾವಿರದಷ್ಟು ಮಕ್ಕಳು ಹುಟ್ಟುತ್ತಾರೆ ಅನ್ನುವ ಅಂದಾಜಿದೆ.

ಈಗ ನಮ್ಮ ಸಂಬಂಧಗಳನ್ನು ನೆನೆಸಿಕೊಳ್ಳಿ. ಅಕ್ಕನ ಮಗಳು, ಸೋದರತ್ತೆಯ ಮಗ, ಸೋದರಮಾವ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮದುವೆಗಳು ಇವತ್ತಿಗೂ ರಕ್ತಸಂಬಂಧದಲ್ಲೇ ಆಗುತ್ತವೆ. ಅಜ್ಜ ವಾಹಕನಾಗಿದ್ದರೆ ಮೊಮ್ಮಕ್ಕಳಲ್ಲಿ ಇಬ್ಬರಿಗೆ ಅದು ಬಂದು, ಅವರಿಬ್ಬರೇ ಮದುವೆಯಾಗುವುದು ನಮ್ಮಲ್ಲಿ ಸುಲಭ. ಲಂಡನ್ನಿಗಿಂತ ಈ ಪರೀಕ್ಷೆ ಮಂಡ್ಯಕ್ಕೆ, ಹಾಸನಕ್ಕೆ ಜಾಸ್ತಿ ಬೇಕು ಅಂತ ನನಗೆ ಅನಿಸುವುದು ಇದಕ್ಕೇ. ಆದರೂ ಗಂಡನ ರಕ್ತ ಪರೀಕ್ಷೆ ಅಂದರೆ ಮನೆಯಲ್ಲಿ ಮುಖ ಗಂಟಾಗುತ್ತದೆ. ಹೆಂಡತಿ ವಾಹಕಿ ಅಂತ ಬಂದರೆ ‘ಹುಡುಗಿಯಲ್ಲಿ ದೋಷ’ ಅಂದುಬಿಡುತ್ತಾರೆ. ಇದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಆಗುವ ಕಾಯಿಲೆಗೆ ಒಬ್ಬಳ ತಲೆ ಮೇಲೆ ಯಾಕೆ ಗೂಬೆ ಕೂರಿಸಬೇಕು?

ಇಂಗ್ಲೆಂಡಿನಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಎಷ್ಟೋ ಹೆಂಗಸರು ತಡವಾಗಿ ಬರುತ್ತಾರೆ, ಫಲಿತಾಂಶವೂ ತಡವಾಗುತ್ತದೆ. ಆಗ ಯೋಚಿಸಲು ಸಮಯವೇ ಉಳಿಯುವುದಿಲ್ಲ. ಗರ್ಭದಲ್ಲಿರುವ ಮಗುವಿನ ಪರೀಕ್ಷೆಯನ್ನು 11ರಿಂದ 14 ವಾರದೊಳಗೆ ಮಾಡಬಹುದು. ಮುಂದೇನು ಮಾಡಬೇಕು ಅನ್ನುವುದು ಆ ದಂಪತಿಗೆ ಬಿಟ್ಟಿದ್ದು. ಆದರೆ ತೀರ್ಮಾನ ಮಾಡಲು ಮೊದಲು ವಿಷಯ ಗೊತ್ತಿರಬೇಕು ಅಲ್ವಾ?

ಸಿಕಲ್ ಸೆಲ್ ವಿಷಯದಲ್ಲಿ ನಮ್ಮ ದೇಶ ಎದ್ದು ನಿಂತಿದೆ. 1952ರಲ್ಲಿ ಈ ಕಾಯಿಲೆ ಭಾರತದಲ್ಲಿ ಮೊದಲು ಕಂಡದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ, ನಮ್ಮ ಚಾಮರಾಜನಗರದ ಪಕ್ಕದಲ್ಲೇ. ನಮ್ಮ ಸೋಲಿಗರಲ್ಲಿ, ಜೇನು ಕುರುಬರಲ್ಲೂ ಇದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದವರೆಗಿನ ಏಳು ಕೋಟಿ ಜನರ ಪರೀಕ್ಷೆಗೆ ಕೈ ಹಾಕಿತು. ಹಾಡಿಗಳಿಗೇ ಹೋಗಿ ರಕ್ತ ಪರೀಕ್ಷೆ ಮಾಡುವ ಕೆಲಸ ಇಂಗ್ಲೆಂಡಿಗಿಂತ ಎಷ್ಟೋ ಕಷ್ಟದ್ದು. ಅದನ್ನು ಮೆಚ್ಚಲೇಬೇಕು.

ಪರೀಕ್ಷೆ ಆದ ಮೇಲಿನ ಮಾತು ಇನ್ನೊಂದಿದೆ. ಸಿಕಲ್ ಸೆಲ್ ಇರುವ ಮಗುವಿನ ಗುಲ್ಮ (ಸೋಂಕು ತಡೆಯಲು ನೆರವಾಗುವ ಅಂಗ) ಬೇಗ ಕೆಡುತ್ತದೆ. ಹಾಗಾಗಿ ನ್ಯುಮೋನಿಯಾ ತರುವ ನ್ಯೂಮೋಕಾಕಸ್ ಸೋಂಕು ಆ ಮಗುವಿನ ಜೀವಕ್ಕೇ ಅಪಾಯ. ಇಂಗ್ಲೆಂಡಿನಲ್ಲಿ ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ದಿನಾ ಪೆನ್ಸಿಲಿನ್ ಶುರು ಮಾಡುತ್ತಾರೆ. 1986ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಕೊಟ್ಟಾಗ ಆ ಸೋಂಕು ಶೇಕಡ 84ರಷ್ಟು ಕಡಿಮೆಯಾಯಿತು. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ಮಕ್ಕಳು ಉಳಿಯುತ್ತಾರೆ, ಅದೂ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವ ತನಕ. ನಮ್ಮಲ್ಲಿ ನೆಗಡಿ ಕೆಮ್ಮು ಬಂದರೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಅಜಿಥ್ರೋಮೈಸಿನ್ ಸಿಗುತ್ತದೆ. ನೆಗಡಿ ವೈರಸ್ಸಿನದು, ಆ ಮಾತ್ರೆಯಿಂದ ವಾಸಿಯಾಗದು. ಸುಮ್ನೆ ನುಂಗಿದ ಒಂದೊಂದು ಡೋಸೂ ಗಂಟಲಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಔಷಧಿ ಎದುರಿಸುವ ಅವಕಾಶ ಕೊಡುತ್ತದೆ. ಲಂಡನ್ನಿನ ಡಾಕ್ಟರು ಕೆಮ್ಮಿಗೆ ಆಂಟಿಬಯೋಟಿಕ್ ಬರೆಯದೆ ವಾಪಸ್ ಕಳಿಸಿದಾಗ ಇಲ್ಲಿನ ನಮ್ಮ ಕನ್ನಡದವರು ಬೈದುಕೊಳ್ಳುತ್ತಾರೆ. ಡಾಕ್ಟರು ಮಾಡಿದ್ದೇ ಸರಿ ಅಂತ ನಾನು ಅವರಿಗೆ ಹೇಳುತ್ತೇನೆ.

ಊರಿಂದ ಫೋನ್ ಮಾಡಿ ಸಿಹಿ ಸುದ್ದಿ ಹೇಳುವ ನೆಂಟರಿಗೂ ಈಗ ನಾನು ಇಷ್ಟು ಹೇಳುತ್ತೇನೆ. ಸಿಬಿಸಿ ವರದಿಯಲ್ಲಿ ಎಂಸಿಎಚ್ ನೋಡಿ. ಕಡಿಮೆ ಇದ್ದರೆ ಎಚ್‌ಪಿಎಲ್‌ಸಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಕಬ್ಬಿಣದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವಾಹಕರಿಗೂ ಕಬ್ಬಿಣದ ಕೊರತೆ ಇರಬಹುದು. ಮೂರು ತಿಂಗಳು ತುಂಬುವ ತನಕ ಕಾಯಬೇಡಿ. ತಾಯಿ ಕಾರ್ಡ್ ಹಿಡಿದು ಹೊರಟಾಗ ಗಂಡನೂ ಆ ದಿನ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋಗಲಿ. ಬೇಕಾದರೆ ಅವನ ರಕ್ತವನ್ನೂ ಅಲ್ಲೇ ಕೊಟ್ಟು ಬರಬಹುದು.