ಗೆದ್ದರೂ ಹಣ ಬರದಿದ್ದರೆ ಏನು ಮಾಡಬೇಕು?
ಅಮೆರಿಕದಲ್ಲಿ, ಮಧ್ಯಸ್ಥರ ಮುಂದೆ ಗೆದ್ದ ಹಣ ಕೊಡದ ಇನ್ಶೂರೆನ್ಸ್ ಕಂಪನಿ ವಿರುದ್ಧ ಕೋರ್ಟಿಗೆ ಹೋದ ಏರ್ ಆಂಬುಲೆನ್ಸ್‌ನವರು ಮೇಲ್ಮನವಿಯಲ್ಲೂ ಸೋತಿದ್ದು ಸರಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 2022ರಲ್ಲಿ ಜಾರಿಗೆ ಬಂದ ನೋ ಸರ್ಪ್ರೈಸಸ್ ಆ್ಯಕ್ಟ್ (ರೋಗಿಗೆ ಅನಿರೀಕ್ಷಿತ ದೊಡ್ಡ ಬಿಲ್ ಬರದಂತೆ ತಡೆಯುವ ಕಾನೂನು) ಚಿಕಿತ್ಸೆ ಕೊಟ್ಟವರಿಗೂ ಇನ್ಶೂರೆನ್ಸ್ ಕಂಪನಿಗೂ ನಡುವಿನ ಹಣದ ಜಗಳದಿಂದ ರೋಗಿಯನ್ನು ಹೊರಗಿಟ್ಟಿತು, ಅದು ತುಂಬಾ ಒಳ್ಳೆಯದೇ. ಆದರೆ ಎಷ್ಟು ಹಣ ಕೊಡಬೇಕು ಅಂತ ಮಧ್ಯಸ್ಥರ ತೀರ್ಪು ಬಂದ 30 ದಿನದೊಳಗೆ ಹಣ ಕೊಡಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ ಅಲ್ವಾ? ಕೊಡದಿದ್ದರೆ ಆಸ್ಪತ್ರೆಯಾಗಲಿ ಡಾಕ್ಟರಾಗಲಿ ಈ ಕಾನೂನಿನಡಿ ನೇರವಾಗಿ ಕೋರ್ಟಿಗೆ ಬರುವಂತಿಲ್ಲ ಅಂತ 2025ರ ಜೂನ್‌ನಲ್ಲಿ ಆ ಏರ್ ಆಂಬುಲೆನ್ಸ್ ಕೇಸಿನಲ್ಲೇ ಫಿಫ್ತ್ ಸರ್ಕ್ಯೂಟ್ (ಟೆಕ್ಸಾಸ್ ಕೂಡ ಸೇರುವ ಫೆಡರಲ್ ಮೇಲ್ಮನವಿ ಕೋರ್ಟ್) ಹೇಳಿಬಿಟ್ಟಿತು. ಟೆಕ್ಸಾಸ್‌ನಲ್ಲಿ ಅನಸ್ತೇಶಿಯಾ ಡಾಕ್ಟರೊಬ್ಬರ ಆಫೀಸಿನ ಬಿಲ್ಲಿಂಗ್ ನಾನೇ ನೋಡಿಕೊಳ್ಳುವುದು. ಗೆದ್ದ ತೀರ್ಪಿನ ಮೇಲೆ ಕೆಂಪು ಪೆನ್ನಿನಲ್ಲಿ ಕೊನೆಯ ದಿನ ಬರೆದಿಟ್ಟಿದ್ದೆ, ಅದು ಕಳೆದು ನಾಲ್ಕು ತಿಂಗಳಾಯಿತು. ಫೋನ್ ಮಾಡಿದರೆ 'ಪ್ರೊಸೆಸ್‌ನಲ್ಲಿದೆ' ಅನ್ನುತ್ತಾರೆ. ಸರ್ಕಾರಕ್ಕೂ ದೂರು ಕೊಟ್ಟೆ, ಉತ್ತರವಿಲ್ಲ. ಇನ್ನು ಯಾರ ಹತ್ತಿರ ಹೋಗಬೇಕು, ನೀವೇ ಹೇಳಿ.