ಕಾನೂನುಬದ್ಧ ಕೋಡುಬಳೆ

ಮನೆಯಲ್ಲೇ ತಿಂಡಿ ಮಾಡಿ, ಪ್ಲಾಸ್ಟಿಕ್ ಕಸ ಕಡಿಮೆ ಮಾಡಿ ಅಂತ ತುಮಕೂರಿನಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಹೇಳೋಕೇನು ಖರ್ಚೇ? ಮಾಡಿದ ತಿಂಡಿಯನ್ನು ಯಾವುದರಲ್ಲಿ ಕಟ್ಟಿಕೊಡಬೇಕು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಸಿದ್ಧಗಂಗೆ ಜಾತ್ರೆಯಲ್ಲಿ ಪುರಿ, ಖಾರ, ಹುರಿದ ಕಡಲೆಕಾಯಿ ಮಾರುವವರನ್ನು ಕೇಳಿ ನೋಡಿ. ತೆಳ್ಳನೆ ಕವರ್‌ಗೆ ಹಾಕಿದರೆ ದಂಡ. ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ 2016ರಿಂದಲೇ ನಿಷೇಧ. ಸರಿ, ಹಳೇ ಪೇಪರ್‌ನಲ್ಲಿ ಪೊಟ್ಟಣ ಕಟ್ಟೋಣ ಅಂದರೆ, ಶಾಯಿ ಹೊಟ್ಟೆಗೆ ಹೋಗುತ್ತೆ, ಬೇಡ ಅನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರ. ಅದೂ ನಿಜವೇ. ಇನ್ನು ಉಳಿದಿದ್ದು ಗಿರಾಕಿಯ ಸೆರಗು. ಅದಕ್ಕೆ ಸೀರೆ ಉಟ್ಟವರೇ ಬರಬೇಕು.

ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ತೋರಣದ ಹಾಗೆ ತೂಗುವ ಐದು ರೂಪಾಯಿ ಚಿಪ್ಸ್ ಪ್ಯಾಕೆಟ್‌ಗೆ ಯಾರ ಭಯವೂ ಇಲ್ಲ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಂದು ನಿಷೇಧ ಬಂತಲ್ಲ, ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್‌ನದ್ದು, ಆ ಪಟ್ಟಿ ಓದಬೇಕು ನೀವು. ಕಿವಿಗೆ ಹಾಕುವ ಹತ್ತಿಯ ಪ್ಲಾಸ್ಟಿಕ್ ಕಡ್ಡಿ ಇದೆ. ಬಲೂನ್ ಕಡ್ಡಿ ಇದೆ. ಐಸ್‌ಕ್ರೀಮ್ ಕಡ್ಡಿ ಇದೆ. ಸ್ವೀಟ್ ಬಾಕ್ಸ್‌ಗೆ ಸುತ್ತುವ ತೆಳು ಹಾಳೆಯೂ ಇದೆ. ಚಿಪ್ಸ್ ಪ್ಯಾಕೆಟ್ ಇಲ್ಲ! ಬಲೂನ್ ಕಡ್ಡಿ ಸಿಕ್ಕಿಕೊಂಡು ಚರಂಡಿ ಕಟ್ಟಿದ್ದನ್ನು ಯಾರಾದರೂ ಕಂಡಿದ್ದೀರಾ? ಪ್ಯಾಕೆಟ್ ವಿಷಯ ಬೇರೆ. ಪ್ಲಾಸ್ಟಿಕ್ ಪದರ, ಅದಕ್ಕೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಲೇಪ, ಒಂದಕ್ಕೊಂದು ಬಿಡಿಸಲಾಗದ ನಂಟು. ಗುಜರಿಯವರೂ ಮೂಸುವುದಿಲ್ಲ. ಅದರ ಕಸಕ್ಕೆ ತಯಾರಿಸಿದ ಕಂಪನಿಗಳೇ ಹೊಣೆ, ವಾಪಸ್ ತೆಗೆದುಕೊಂಡು ಹೋಗುವ ಏರ್ಪಾಡು ಅವರೇ ಮಾಡಬೇಕು ಅಂತ ನಿಯಮವಿದೆ. ತೆಗೆದುಕೊಂಡು ಹೋಗಲು ಹೊರಟವರು ಪಾಪ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಅಂತ ಇಳಿದವರು ಇನ್ನೂ ಎದ್ದಿಲ್ಲ ಅನ್ನಿಸುತ್ತೆ.

ಹೋಗಲಿ, ನಮ್ಮ ಪಾಡಿಗೆ ನಾವು ಮನೆಯಲ್ಲಿ ಮಾಡಿಕೊಳ್ಳೋಣ ಅಂತ ಹೊರಟವರ ಕಥೆ ಇನ್ನೂ ಚೆನ್ನ. ನಿಪ್ಪಟ್ಟು ಮಾಡಬೇಕು. ಮೊದಲು ಫೋನ್ ತೆಗಿ. ಅಕ್ಕಿ ಹಿಟ್ಟು ಒಂದು ಪ್ಯಾಕೆಟ್, ಹುರಿಗಡಲೆ ಒಂದು, ಎಳ್ಳು ಒಂದು. ಹಿತ್ತಲಲ್ಲಿ ಗಿಡ ಇದ್ದರೂ ಕರಿಬೇವು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಎಣ್ಣೆ ಜಾಸ್ತಿ ಬೇಡ ಅಂತ ಏರ್ ಫ್ರೈಯರ್, ಅದರ ಜೊತೆ ಒಂದು ರಾಶಿ ಥರ್ಮೋಕೋಲ್. ಪಾವಗಡ, ಶಿರಾ ಕಡೆ ಬೆಳೆಯುವ ಕಡಲೆಕಾಯಿಗೆ ದೇವರೇ ಪ್ಯಾಕಿಂಗ್ ಮಾಡಿ ಕಳಿಸಿದ್ದಾನೆ. ನಾವು ಆ ಸಿಪ್ಪೆ ಸುಲಿದು, ಬೀಜವನ್ನು ಬೆಂಗಳೂರಿಗೆ ಸಾಗಿಸಿ, ಜಿಪ್ ಇರುವ ಕವರ್‌ನಲ್ಲಿ ವಾಪಸ್ ತರಿಸಿಕೊಳ್ಳುತ್ತೇವೆ. ಕವರ್ ಮೇಲೆ ‘ನ್ಯಾಚುರಲ್’ ಅಂತ ಬರೆದಿರುತ್ತದೆ. ಸಿಪ್ಪೆ ಮೇಲೆ ಹಾಗೆ ಬರೆದಿರಲಿಲ್ಲ, ನಂಬೋದು ಹೇಗೆ?

ಸಂಡಿಗೆಯದ್ದೂ ಇದೇ ಗೋಳು. ಪಾವಗಡದ ಬಿಸಿಲನ್ನು ನಂಬಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. ಅದೇ ಜಿಲ್ಲೆಯಲ್ಲಿ ಮಹಡಿ ಮೇಲೆ ನಾಲ್ಕು ಸಂಡಿಗೆ ಒಣಗಿಸೋಕೆ ಬಿಸಿಲು ಸಾಲದಂತೆ.

ನಮ್ಮ ಬೀದಿ ಕೊನೆಯಲ್ಲಿ ಕೋಡುಬಳೆ ಮಾರುವ ಅಜ್ಜಿ ಮಾತ್ರ ಜಾಣೆ. ಮೊದಲು ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು, ಎಲೆ ಸಿಗದಾಗ ಕವರ್‌ನಲ್ಲಿ. ಈಗ ಮಿರಮಿರ ಮಿಂಚುವ ಪ್ಯಾಕೆಟ್, ಅದರ ಮೇಲೆ ‘ಹೋಮ್ ಮೇಡ್’ ಸ್ಟಿಕರ್, ಮೂಲೆಯಲ್ಲಿ ಒಂದು ಹಸಿರು ಎಲೆಯ ಚಿತ್ರ.

“ಏನಜ್ಜಿ ಇದು?” ಅಂದೆ.

“ಇದಾದ್ರೆ ದಂಡ ಇಲ್ವಂತೆ ಕಣಪ್ಪ” ಅಂದರು.

ದಂಡದ ಪುಸ್ತಕ ಹಿಡಿದು ಬರುವವರೂ ಈಗ ಎರಡು ಪ್ಯಾಕೆಟ್ ಕೊಳ್ಳುತ್ತಾರೆ. ಒಂದನ್ನು ಅಲ್ಲೇ ಹರಿದು ತಿಂದು, ಖಾಲಿ ಪ್ಯಾಕೆಟ್ ಎಲ್ಲಿ ಹಾಕೋದು ಅಂತ ಅಜ್ಜಿಯನ್ನೇ ಕೇಳುತ್ತಾರೆ.